ಬಿಸಿಲನ್ನೇ ದೀಪ ಮಾಡಿಕೊಳ್ಳುವ ಪರದೆ



ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲದಲ್ಲೂ ಅಂಕೋಲೆಯ ಬೇಲೆಕೇರಿಯಲ್ಲೂ ಬಲೆ ಹೊಲಿಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚಿ ಕೂಡಿಸುವುದು ಎಲ್ಲ ಈ 61 ದಿನಗಳಲ್ಲೇ ಆಗಬೇಕು. ವರ್ಷದ ಮಳೆಯ ದೊಡ್ಡ ಪಾಲು ಸುರಿದುಹೋಗುವುದೂ ಈ ದಿನಗಳಲ್ಲೇ. ಹಾಗಾಗಿ ಬೋಟು ಕಡಲಿಗಿಳಿಯುವ ಉಳಿದ ಹತ್ತು ತಿಂಗಳಲ್ಲಿ ಹೆಚ್ಚಿನವು ಬಿಸಿಲಿನ ತಿಂಗಳುಗಳು. ಮೇಲಿನಿಂದ ಸೂರ್ಯ, ಕೆಳಗಿನಿಂದ ನೀರಿನ ಪ್ರತಿಫಲನ, ಎರಡೂ ಕಡೆಯಿಂದ ಬೆಳಕು ಹೊಡೆಯುತ್ತದೆ.

ಇಂಥ ಬೆಳಕಿನ ನಡುವೆ, ಬೋಟು ನಡೆಸುವ ಇವತ್ತಿನ ತಾಂಡೇಲ ಪರದೆ ಓದಬೇಕು. ಬಂಗಡೆಯ ಹಿಂಡು ಎಲ್ಲಿದೆ ಎಂದು ನೀರಿನ ಬಣ್ಣ ನೋಡಿ, ಹಕ್ಕಿಯ ಸುಳಿದಾಟ ನೋಡಿ ಹೇಳುವ ಜನ ಈಗಲೂ ಇದ್ದಾರೆ. ಆದರೆ ಬೋಟಿನ ಕ್ಯಾಬಿನ್ನಿನಲ್ಲಿ ಜಿಪಿಎಸ್ ಇದೆ, ಫಿಶ್ ಫೈಂಡರ್ ಇದೆ, ಕಿಸೆಯಲ್ಲಿ ಮೊಬೈಲ್ ಇದೆ. ಬಂಡೆ ಎಲ್ಲಿದೆ, ಹೋದ ಸಲ ಬಲೆ ಸಿಕ್ಕಿ ಹರಿದ ಜಾಗ ಯಾವುದು, ಬಂದರಿಗೆ ತಿರುಗುವ ದಾರಿ ಯಾವುದು, ಎಲ್ಲವೂ ಆ ಪರದೆಗಳ ಮೇಲಿದೆ. ಮಧ್ಯಾಹ್ನ ಬಲೆ ಎಳೆಯುವ ಹೊತ್ತಿಗೆ ಮೊಬೈಲ್ ತೆಗೆದರೆ ಏನಾಗುತ್ತದೆ ಎಂಬುದನ್ನು ಬೈತಖೋಲದ ಒಬ್ಬ ತಾಂಡೇಲ ನನಗೆ ಒಂದೇ ಮಾತಿನಲ್ಲಿ ಹೇಳಿದ್ದ: “ಮಾಸ್ತರ್ರೆ, ಬಿಸಿಲಲ್ಲಿ ಏನೂ ಕಾಣೂದಿಲ್ಲ. ನಮ್ಮ ಮುಖ ಮಾತ್ರ ಕಾಣ್ತದೆ.” ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆ ಎಳೆದುಕೊಂಡು, ಅದರ ಕತ್ತಲೆಯೊಳಗೆ ಫೋನು ಹಿಡಿದು, ಕಣ್ಣು ಕಿರಿದು ಮಾಡಿ ಅವನು ಓದುತ್ತಿದ್ದ. ಚುಕ್ಕಾಣಿ ಆ ಹೊತ್ತಿಗೆ ಇನ್ನೊಬ್ಬನ ಕೈಯಲ್ಲಿ.

ಅವನು ಹೇಳಿದ ಮಾತು ಭೌತಶಾಸ್ತ್ರದ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ನೆತ್ತಿಯ ಬಿಸಿಲಿನಲ್ಲಿ ಒಂದು ಜಾಗದ ಮೇಲೆ ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ನಮ್ಮ ಮನೆಯ ಕೋಣೆಯಲ್ಲಿ ರಾತ್ರಿ ದೀಪ ಹಚ್ಚಿದಾಗ ಅದು ಕೆಲವು ನೂರು ಲಕ್ಸ್, ಅಷ್ಟೇ. ಒಂದು ಮೇಲ್ಮೈ ಎಷ್ಟು ಹೊಳೆಯುತ್ತದೆ ಎಂಬುದನ್ನು ಅಳೆಯುವ ಮಾನ ನಿಟ್. ಸಾಧಾರಣ ಫೋನಿನ ಪರದೆ 500 ನಿಟ್ ಹೊಳೆಯುತ್ತದೆ ಎಂದಿಟ್ಟುಕೊಳ್ಳಿ. ನೀವು ಬಿಳಿ ಅಂಗಿ ಹಾಕಿ ಬಿಸಿಲಲ್ಲಿ ನಿಂತರೆ ಆ ಅಂಗಿಯ ಹೊಳಪೇ ಸುಮಾರು 25,000 ನಿಟ್. ಫೋನಿನ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತದೆ. 25,000ದಲ್ಲಿ ನೂರಕ್ಕೆ ನಾಲ್ಕೆಂದರೆ 1,000. ಪರದೆಯೊಳಗಿನ ಚಿತ್ರ 500, ಗಾಜಿನಲ್ಲಿ ಕಾಣುವ ನಿಮ್ಮ ಅಂಗಿ 1,000. ಕಣ್ಣಿಗೆ ಬೀಳುವುದು ಚಿತ್ರವಲ್ಲ, ಅಂಗಿ.

ಇದಕ್ಕೆ ಫೋನು ತಯಾರಿಸುವವರು ಹಿಡಿದ ಮುಖ್ಯ ದಾರಿ ಒಳಗಿನ ಬೆಳಕನ್ನು ಏರಿಸುತ್ತ ಹೋಗುವುದು. ಈಗ 1,000 ನಿಟ್ ದಾಟಿದ ಫೋನುಗಳು ಬಂದಿವೆ. ಬಿಸಿಲಲ್ಲಿ ಅವು ಕಾಣುತ್ತವೆ, ನಿಜ. ಆದರೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಕಾಯುತ್ತದೆ. ಕಾದ ಮೇಲೆ ತನ್ನನ್ನು ಉಳಿಸಿಕೊಳ್ಳಲು ಅದು ತಾನಾಗಿಯೇ ಪರದೆಯನ್ನು ಮಂಕು ಮಾಡಿಬಿಡುತ್ತದೆ. ಬಿಸಿಲು ಹೆಚ್ಚಿದ್ದಾಗಲೇ ಬೆಳಕು ಬೇಕು, ಬಿಸಿಲು ಹೆಚ್ಚಿದ್ದಾಗಲೇ ಅದು ಇಳಿಯುತ್ತದೆ. ಸೂರ್ಯನ ಜೊತೆ ಪೈಪೋಟಿಗಿಳಿದ ಯಂತ್ರದ ಪಾಡು ಇದು. ಸೂರ್ಯನ ಬೆಳಕನ್ನೇ ಕೆಲಸಕ್ಕೆ ಹಚ್ಚುವ ಪರದೆಯೂ ಇದೆ. ಅದು ಹೊಸದೂ ಅಲ್ಲ. ನಮ್ಮ ಕರಾವಳಿಗೆ ಬೇಕಾದದ್ದು ಅದೇ ಎಂದು ನಾನು ನಂಬಿದ್ದೇನೆ. ಇವತ್ತು ಅದರ ಒಳಗನ್ನು ನಿಮಗೆ ಬಿಚ್ಚಿ ತೋರಿಸಬೇಕು.

ಬಿಚ್ಚಿ ತೋರಿಸಲು ಸುಲಭವಾದ ವಸ್ತು ಹಳೆಯ ಕ್ಯಾಲ್ಕುಲೇಟರ್. ಅಂಗಡಿಯ ಮೇಜಿನ ಮೇಲಿರುವ, ಬೂದು ಬಣ್ಣದ ಪರದೆಯಲ್ಲಿ ಕಪ್ಪು ಅಂಕಿ ಮೂಡುವಂಥದು. ಕೆಟ್ಟುಹೋದದ್ದು ಮನೆಯಲ್ಲಿದ್ದರೆ ಮಕ್ಕಳ ಜೊತೆ ಕೂತು ತೆರೆದು ನೋಡಿ. ಪರದೆ ಎಂದರೆ ಒಂದರ ಮೇಲೊಂದು ಅಂಟಿಸಿದ ಎರಡು ತೆಳು ಗಾಜು. ಹಿಂಬದಿಗೆ ಬೆಳ್ಳಿಯ ಛಾಯೆಯ ಒಂದು ಹಾಳೆ ಅಂಟಿರುತ್ತದೆ. ಬ್ಲೇಡಿನ ತುದಿಯಿಂದ ಅದನ್ನು ಮೆಲ್ಲಗೆ ಎಬ್ಬಿಸಿದರೆ ಗಾಜು ಬರೀ ಗಾಜಾಗಿ ಉಳಿಯುತ್ತದೆ. ಸೆಲ್ ಹಾಕಿ ಅಂಕಿ ಒತ್ತಿದರೂ ಏನೂ ಕಾಣುವುದಿಲ್ಲ. ಕಿತ್ತ ಹಾಳೆಯನ್ನು ಮತ್ತೆ ಹಿಂದೆ ಹಿಡಿಯಿರಿ, ಅಂಕಿ ಮೂಡುತ್ತದೆ. ಅದನ್ನೇ ಕಾಲು ಸುತ್ತು ತಿರುಗಿಸಿ ಹಿಡಿಯಿರಿ, ಅಂಕಿ ಬೆಳ್ಳಗಾಗಿ ಹಿನ್ನೆಲೆ ಕಪ್ಪಾಗುತ್ತದೆ. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗೆಲ್ಲ ಹಿಂದಿನ ಬೆಂಚಿನ ಹುಡುಗರೂ ಮುಂದೆ ಬಂದು ನಿಲ್ಲುತ್ತಿದ್ದರು.

ಆ ಹಾಳೆಯಲ್ಲಿ ಎರಡು ಪದರ ಇವೆ. ಒಂದು ಧ್ರುವಕ. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಕಂಪಿಸುತ್ತಿರುತ್ತದೆ, ಧ್ರುವಕ ಒಂದು ದಿಕ್ಕಿನ ಕಂಪನವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಇನ್ನೊಂದು, ಬೆಳಕನ್ನು ಹಿಂದಕ್ಕೆ ಕಳಿಸುವ ಬೆಳ್ಳಿಪದರ. ಮುಂಬದಿಯ ಗಾಜಿನ ಮೇಲೂ ಒಂದು ಧ್ರುವಕ ಇರುತ್ತದೆ, ಹಿಂದಿನದಕ್ಕೆ ಅಡ್ಡವಾಗಿ. ಎರಡು ಧ್ರುವಕಗಳು ಅಡ್ಡಡ್ಡ ನಿಂತರೆ ಬೆಳಕು ದಾಟಲಾರದು. ದಾಟುವಂತೆ ಮಾಡುವುದು ಗಾಜುಗಳ ನಡುವೆ ತುಂಬಿದ ದ್ರವಸ್ಫಟಿಕ. ಅದರ ಉದ್ದನೆಯ ಅಣುಗಳು ಒಂದು ಗಾಜಿನಿಂದ ಇನ್ನೊಂದಕ್ಕೆ ಹೋಗುತ್ತ ಕಾಲು ಸುತ್ತು ತಿರುಗಿ ನಿಂತಿರುತ್ತವೆ, ಬೆಳಕಿನ ಕಂಪನವನ್ನೂ ತಮ್ಮ ಜೊತೆ ತಿರುಗಿಸುತ್ತವೆ. ವಿದ್ಯುತ್ ಕೊಟ್ಟ ಕಡೆ ಅಣುಗಳು ನೆಟ್ಟಗಾಗುತ್ತವೆ, ತಿರುವು ಹೋಗುತ್ತದೆ, ಬೆಳಕು ನಿಲ್ಲುತ್ತದೆ. ಅಲ್ಲಿ ಕಪ್ಪು. ನೀವು ಓದುವ ಅಂಕಿ ಅದೇ. ಈ ಪರದೆ ಸ್ವಂತವಾಗಿ ಬೆಳಗುವುದೇ ಇಲ್ಲ. ಹೊರಗಿನ ಬೆಳಕು ಒಳಬಂದು, ಬೆಳ್ಳಿಪದರಕ್ಕೆ ಬಡಿದು, ಬಂದ ದಾರಿಯಲ್ಲೇ ತಿರುಗಿ ನಿಮ್ಮ ಕಣ್ಣಿಗೆ ಬರುತ್ತದೆ. ಬಿಸಿಲು ಏರಿದಷ್ಟೂ ಅಂಕಿ ಸ್ಪಷ್ಟ.

ದ್ರವಸ್ಫಟಿಕವನ್ನು ಮೊದಲು ಗಮನಿಸಿದವನು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್, 1888ರಲ್ಲಿ. ಅವನು ಕಾಯಿಸುತ್ತಿದ್ದ ಪದಾರ್ಥ ಎರಡು ಸಲ ಕರಗಿದಂತೆ ಕಂಡಿತು, ಮೊದಲು ಮಬ್ಬು ದ್ರವವಾಗಿ, ಇನ್ನೂ ಕಾದ ಮೇಲೆ ತಿಳಿಯಾಗಿ. ತಿರುಚಿ ನಿಲ್ಲಿಸುವ ಉಪಾಯ ಬಂದದ್ದು 1970ರ ಕೊನೆಯಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಶಾಟ್ ಮತ್ತು ಹೆಲ್ಫ್ರಿಷ್ ಎಂಬ ಇಬ್ಬರಿಂದ. ಅಲ್ಲಿಂದ ಮುಂದಿನ ಕಥೆಯಲ್ಲಿ ನಮ್ಮ ಕರ್ನಾಟಕದ ಪಾಲು ಸಣ್ಣದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕದ ಪ್ರಯೋಗಾಲಯ ಕಟ್ಟಿದರು. ನಕ್ಷತ್ರಗಳ ಮೇಲೆ ಕೆಲಸ ಮಾಡಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. 1977ರಲ್ಲಿ ಇವರು ಸದಾಶಿವ ಮತ್ತು ಸುರೇಶ್ ಎಂಬ ಸಹೋದ್ಯೋಗಿಗಳ ಜೊತೆ ಒಂದು ಹೊಸ ಸಂಗತಿ ಕಂಡರು. ಉದ್ದನೆಯ ಅಣುಗಳಷ್ಟೇ ಅಲ್ಲ, ಚಪ್ಪಟೆಯಾದ ದುಂಡನೆಯ ಅಣುಗಳೂ ಒಂದರ ಮೇಲೊಂದು ಕಂಬವಾಗಿ ನಿಂತು ದ್ರವಸ್ಫಟಿಕವಾಗುತ್ತವೆ. ಅದು ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಆಗ ಅದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ಉತ್ತರ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ತಿರುಚಿದ ದ್ರವಸ್ಫಟಿಕದ ಪರದೆಗೆ ಒಂದು ದೊಡ್ಡ ದೋಷವಿತ್ತು: ಎದುರಿನಿಂದ ನೋಡಿದರೆ ಚೆನ್ನ, ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ. ಜಪಾನಿನ ಫ್ಯೂಜಿ ಕಂಪನಿಯವರು ದುಂಡು ಅಣುಗಳ ತೆಳು ಹಾಳೆಯೊಂದನ್ನು ಮಾಡಿ ಪರದೆಗೆ ಅಂಟಿಸಿ ಆ ದೋಷವನ್ನು ಬಹಳ ಮಟ್ಟಿಗೆ ಕಳೆದರು. ಬೋಟಿನಲ್ಲಿ ಪರದೆಯನ್ನು ಯಾರೂ ಎದುರಿಗೆ ಕೂತು ನೋಡುವುದಿಲ್ಲ. ತಾಂಡೇಲ ಚುಕ್ಕಾಣಿಯ ಹಿಂದಿನಿಂದ, ಕೆಲಸದಾಳು ಕಲಾಸಿ ಬಾಗಿಲಲ್ಲಿ ನಿಂತು ಓರೆಯಾಗಿ ನೋಡುತ್ತಾನೆ. ಪಕ್ಕದಿಂದ ಕಾಣುವ ಪರದೆಯ ಬೆಲೆ ಅಲ್ಲಿ ತಿಳಿಯುತ್ತದೆ. 2004ರಲ್ಲಿ ತೀರಿಕೊಂಡ ಚಂದ್ರಶೇಖರ್ ಅವರ ಹೆಸರು ನಮ್ಮ ಶಾಲೆಗಳಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕು.

ಕ್ಯಾಲ್ಕುಲೇಟರಿನ ಪರದೆಗೆ ಹಗಲು ಸಾಕು, ಆದರೆ ಕತ್ತಲಲ್ಲಿ ಅದು ಕುರುಡು. ಟಿವಿ, ಕಂಪ್ಯೂಟರ್, ಅನೇಕ ಫೋನುಗಳ ದ್ರವಸ್ಫಟಿಕದ ಪರದೆ ಇದಕ್ಕೆ ತದ್ವಿರುದ್ಧ. ಅವಕ್ಕೆ ಬೆಳ್ಳಿಪದರವಿಲ್ಲ, ಹಿಂದೆ ದೀಪವಿದೆ. ಆ ದೀಪದ ಬೆಳಕು ಎಷ್ಟು ಪೋಲಾಗುತ್ತದೆ ನೋಡಿ. ಮೊದಲ ಧ್ರುವಕದಲ್ಲೇ ಅರ್ಧಕ್ಕಿಂತ ಹೆಚ್ಚು ಹೋಯಿತು. ಕೆಂಪು, ಹಸಿರು, ನೀಲಿ ಬಣ್ಣದ ಸೋಸುಗಳಲ್ಲಿ ಉಳಿದದ್ದರ ಮೂರನೆಯ ಎರಡು ಪಾಲು ಹೋಯಿತು. ತಂತಿ, ಟ್ರಾನ್ಸಿಸ್ಟರುಗಳು ಅಡ್ಡ ಬಂದು ಇನ್ನಷ್ಟು ಹೋಯಿತು. ಕಡೆಗೆ ನಮ್ಮ ಕಣ್ಣು ಸೇರುವುದು ನೂರಕ್ಕೆ ಐದೋ ಹತ್ತೋ ಪಾಲು. ಉಳಿದದ್ದೆಲ್ಲ ಶಾಖ.

ಇವೆರಡನ್ನೂ ಒಂದೇ ಗಾಜಿನಲ್ಲಿ ಕೂಡಿಸಿದ್ದೇ ನಾನು ಹೇಳಹೊರಟ ಪರದೆ, ಟ್ರಾನ್ಸ್‌ಫ್ಲೆಕ್ಟಿವ್ ಪರದೆ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಮಾಡಿನ ನಡುವೆ ಒಂದೆರಡು ಗಾಜಿನ ಹಂಚು ಕೂಡಿಸುತ್ತಾರಲ್ಲ, ಹಗಲಿಡೀ ಅಡುಗೆಮನೆಗೆ ಅದರ ಬೆಳಕು ಸಾಕು, ಕತ್ತಲಾದ ಮೇಲೆ ಸ್ವಿಚ್ಚು ಒತ್ತಿದರಾಯಿತು. ಈ ಪರದೆಯ ಬುದ್ಧಿಯೂ ಅಷ್ಟೇ.

ಅದನ್ನು ಮಾಡುವ ದಾರಿ ಎರಡು. ಅಗ್ಗದ ದಾರಿಯಲ್ಲಿ ಪೂರ್ತಿ ಬೆಳ್ಳಿಪದರದ ಬದಲು ಅರೆಬೆಳ್ಳಿಯ ಹಾಳೆ ಹಾಕುತ್ತಾರೆ. ಮುಂದಿನಿಂದ ಬಂದ ಬೆಳಕಿನ ಬಹುಪಾಲನ್ನು ಅದು ತಿರುಗಿಸುತ್ತದೆ, ಹಿಂದಿನ ದೀಪದ ಬೆಳಕಿನಲ್ಲಿ ಒಂದು ಪಾಲನ್ನು ಮುಂದಕ್ಕೆ ಬಿಡುತ್ತದೆ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಇಂಥ ಪರದೆಯ, ಹಸಿರು ಬೆಳಕಿನ ಟಿಕೆಟ್ ಮೆಶಿನ್ ನೋಡಿದ ನೆನಪು ನಿಮಗಿರಬೇಕು. ಅರಬೈಲು ಘಟ್ಟ ಹತ್ತುವಾಗ ಒಂದು ತಿರುವಿನಲ್ಲಿ ಕಾಡಿನ ನೆರಳು, ಮುಂದಿನದರಲ್ಲಿ ಕಿಟಕಿಯಿಂದ ಸುರಿಯುವ ಬಿಸಿಲು. ಕಂಡಕ್ಟರ್ ಎರಡರಲ್ಲೂ ನಿಲ್ಲದೆ ಟಿಕೆಟ್ ಹರಿಯುತ್ತಿದ್ದ. 2003ರಲ್ಲಿ ಬಂದ ನೋಕಿಯಾ 1100 ಫೋನೂ ಹಾಗೆಯೇ, ನಡು ಮಧ್ಯಾಹ್ನ ಗದ್ದೆಯ ಬದುವಿನಲ್ಲಿ ನಿಂತು ನಂಬರು ಓದಬಹುದಿತ್ತು. ಇದನ್ನು ದೊಡ್ಡ ಗುಣ ಎಂದು ಆಗ ನಾವು ಎಣಿಸಲಿಲ್ಲ. ಆ ಫೋನು ಹೋದ ಮೇಲೆ ತಿಳಿಯಿತು.

ಎರಡನೆಯ ದಾರಿ ಸೂಕ್ಷ್ಮದ್ದು, ಬಣ್ಣದ ಪರದೆಗೆ ಬೇಕಾದದ್ದು. ಪರದೆಯ ಒಂದೊಂದು ಚುಕ್ಕೆಯನ್ನೂ ಎರಡು ಭಾಗ ಮಾಡುತ್ತಾರೆ. ಒಂದು ಭಾಗಕ್ಕೆ ಅಲ್ಯುಮಿನಿಯಮ್ಮಿನ ಕನ್ನಡಿ, ಇನ್ನೊಂದು ಬರೀ ಕಿಂಡಿ. ಬಿಸಿಲು ಕನ್ನಡಿಗೆ ಬಡಿದು ತಿರುಗುತ್ತದೆ, ದೀಪದ ಬೆಳಕು ಕಿಂಡಿಯಿಂದ ಬರುತ್ತದೆ. ಹೇಳಲು ಸುಲಭ, ಮಾಡಲು ಕಷ್ಟ. ದೀಪದ ಬೆಳಕು ದ್ರವಸ್ಫಟಿಕವನ್ನು ಒಂದು ಸಲ ದಾಟುತ್ತದೆ. ಬಿಸಿಲಿನ ಬೆಳಕು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಒಟ್ಟು ಎರಡು ಸಲ. ಎರಡಕ್ಕೂ ಒಂದೇ ದಪ್ಪವಿದ್ದರೆ ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪಾಗುತ್ತದೆ. ಅದಕ್ಕಾಗಿ ಕನ್ನಡಿಯ ಮೇಲಿನ ದ್ರವದ ದಪ್ಪವನ್ನು ಅರ್ಧಕ್ಕಿಳಿಸುತ್ತಾರೆ. ಕಿಂಡಿಯಲ್ಲೇ ಆ ದಪ್ಪ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು. ಅದರಲ್ಲಿ ಅರ್ಧವನ್ನು, ಲಕ್ಷಗಟ್ಟಲೆ ಚುಕ್ಕೆಗಳಲ್ಲಿ, ಪ್ರತಿಯೊಂದರಲ್ಲೂ ಮೆಟ್ಟಿಲು ಮಾಡಿ ಕೂಡಿಸಬೇಕು. ಕನ್ನಡಿ ನುಣುಪಾಗಿದ್ದರೂ ಆಗದು. ನುಣುಪಾದ ಕನ್ನಡಿ ಸೂರ್ಯನನ್ನು ಗಾಜಿನ ಹೊಳಪು ಬೀಳುವ ದಿಕ್ಕಿಗೇ ಕಳಿಸುತ್ತದೆ. ಅದಕ್ಕೆ ಸಣ್ಣ ಉಬ್ಬುತಗ್ಗು ಮಾಡಿ ಬೆಳಕು ಹರಡುವಂತೆ ಮಾಡುತ್ತಾರೆ. ಪರದೆಯನ್ನು ಸ್ವಲ್ಪ ಓರೆ ಮಾಡಿದರೆ ಗಾಜಿನ ಹೊಳಪು ಬೇರೆ ಕಡೆಗೆ ಹೋಗಿ ಚಿತ್ರ ಮಾತ್ರ ಕಣ್ಣಿಗೆ ಉಳಿಯುತ್ತದೆ.

ಬಣ್ಣದ ಸೋಸನ್ನೂ ಬಿಸಿಲು ಎರಡು ಸಲ ದಾಟಬೇಕಾಗುವುದರಿಂದ ಕನ್ನಡಿಯ ಕಡೆ ಸೋಸನ್ನು ತೆಳುವಾಗಿಸುತ್ತಾರೆ. ಹಾಗಾಗಿ ಬಿಸಿಲಲ್ಲಿ ಬಣ್ಣ ಪೇಲವವಾಗಿ ಕಾಣುತ್ತದೆ. ಆದರೆ ಕಾಣುತ್ತದೆ, ಅದು ಮುಖ್ಯ. ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹತ್ತನ್ನು ಮಾತ್ರ ತಿರುಗಿಸುವ ಬಣ್ಣದ ಪರದೆಯೂ 1 ಲಕ್ಷ ಲಕ್ಸ್ ಬಿಸಿಲಿನಲ್ಲಿ ಸುಮಾರು 3,000 ನಿಟ್ ಹೊಳೆಯುತ್ತದೆ. ಬೆಳಕಿಗೆಂದು ಒಂದಿಷ್ಟೂ ಬ್ಯಾಟರಿ ಖರ್ಚಿಲ್ಲದೆ, ದೀಪದ ಕಾವಿಲ್ಲದೆ. ಟ್ರೆಕ್ಕಿಂಗಿಗೆ ಒಯ್ಯುವ ಗಾರ್ಮಿನ್ ಕಂಪನಿಯ ಈಟ್ರೆಕ್ಸ್ ಎಂಬ ಕೈ ಜಿಪಿಎಸ್ಸಿನಲ್ಲಿ ಇಂಥ ಪರದೆಯಿದೆ, ಅಂಗೈಯೊಳಗೆ ಹಿಡಿಸುವಂಥದು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಅದರ ಕೆಲವು ಮಾದರಿಗಳು ಸುಮಾರು 25 ತಾಸು ನಡೆಯುತ್ತವೆ ಎಂದು ಕಂಪನಿ ಹೇಳುತ್ತದೆ.

ಇಷ್ಟು ಗುಣವಿದ್ದರೂ ಇದು ಮನೆಮನೆಗೆ ಏಕೆ ಬರಲಿಲ್ಲ? ಬರಲು ಒಮ್ಮೆ ಹೊರಟಿತ್ತು. ಬಡ ದೇಶಗಳ ಮಕ್ಕಳಿಗಾಗಿ 2007ರಲ್ಲಿ ತಯಾರಾದ ಹಸಿರು-ಬಿಳಿ ಬಣ್ಣದ ಸಣ್ಣ ಲ್ಯಾಪ್‌ಟಾಪಿಗೆ ಮೇರಿ ಲೂ ಜೆಪ್ಸನ್ ಎಂಬ ಅಮೆರಿಕದ ಎಂಜಿನಿಯರ್ ಇಂಥ ಪರದೆ ರೂಪಿಸಿದರು. ಕೋಣೆಯಲ್ಲಿ ಬಣ್ಣ, ಬಿಸಿಲಲ್ಲಿ ದೀಪ ಆರಿಸಿದರೆ ಕಪ್ಪು-ಬಿಳುಪು, ಆದರೆ ಅಕ್ಷರ ಇನ್ನಷ್ಟು ನುಣುಪು. ಮರದಡಿಯಲ್ಲಿ ನಡೆಯುವ ಶಾಲೆಯನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ ಪರದೆ ಅದು. ಭಾರತದಲ್ಲಿ ಅದನ್ನು ಮೊದಲು ಪ್ರಯೋಗಿಸಿದ್ದು ಮಹಾರಾಷ್ಟ್ರದ ಕರ್ಜತ್ ಬಳಿಯ ಖೈರಾಟ್ ಎಂಬ ಹಳ್ಳಿಯ ಶಾಲೆಯಲ್ಲಿ. ಆಮೇಲೆ ಜೆಪ್ಸನ್ ಪಿಕ್ಸೆಲ್ ಚಿ ಎಂಬ ಕಂಪನಿ ಕಟ್ಟಿದರು. ಅದರ ಪರದೆಯನ್ನು ತಂದು ಟ್ಯಾಬ್ಲೆಟ್ ಮಾಡಿದವರು ನಮ್ಮ ಬೆಂಗಳೂರಿನ ನೋಷನ್ ಇಂಕ್‌ನ ಯುವಕರು. ಅವರ ‘ಆಡಮ್’ 2011ರ ಜನವರಿಯಲ್ಲಿ ಗಿರಾಕಿಗಳ ಕೈ ಸೇರಿತು. ಆಡಮ್ ಬಹಳ ಕಾಲ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಪಿಕ್ಸೆಲ್ ಚಿಯೂ ನಿಲ್ಲಲಿಲ್ಲ.

ಕಾರಣ ಪರದೆಯ ಸ್ವಭಾವದಲ್ಲೇ ಇದೆ. ಚುಕ್ಕೆಯ ಒಂದು ಪಾಲನ್ನು ಕನ್ನಡಿಗೆ ಕೊಟ್ಟ ಮೇಲೆ ಕಿಂಡಿ ಕಿರಿದಾಗುತ್ತದೆ, ಕೋಣೆಯೊಳಗೆ ಪರದೆ ಸ್ವಲ್ಪ ಮಂಕು. ಫೋನು ಮಾರುವುದು ಅಂಗಡಿಯೊಳಗೆ, ಟ್ಯೂಬ್‌ಲೈಟಿನ ಕೆಳಗೆ. ಪಕ್ಕಪಕ್ಕ ಇಟ್ಟಾಗ ಝಗಮಗಿಸುವುದನ್ನೇ ಜನ ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಎಲ್‌ಇಡಿ ದೀಪ ಅಗ್ಗವಾಯಿತು, ಸ್ವಂತ ಬೆಳಗುವ ಓಎಲ್‌ಇಡಿ ಬಂತು. ಬೋಟಿನ ದೊಡ್ಡ ಫಿಶ್ ಫೈಂಡರುಗಳೂ ಈಗ ಹೆಚ್ಚಾಗಿ ಪ್ರಖರ ಹಿಂಬೆಳಕಿನವೇ. ಎಂಜಿನ್ ನಡೆಯುತ್ತಿರುವಾಗ ವಿದ್ಯುತ್ತಿಗೆ ಬರವಿಲ್ಲವಾದ್ದರಿಂದ ಅಲ್ಲಿ ಅದು ನಡೆಯುತ್ತದೆ, ಒಪ್ಪೋಣ. ಎಂಜಿನ್ ನಿಂತ ಬೋಟಿನಲ್ಲಿ, ಔಟ್‌ಬೋರ್ಡ್ ಕಟ್ಟಿದ ಸಣ್ಣ ದೋಣಿಯಲ್ಲಿ ನಡೆಯುವುದಿಲ್ಲ. ಬ್ಯಾಟರಿ ಉಳಿಸುವುದು ಜೀವ ಉಳಿಸುವುದೇ ಆಗುವ ಗಳಿಗೆ ಕಡಲಿನಲ್ಲಿ ಬರುತ್ತದೆ. ಬಿಸಿಲಲ್ಲಿ ದುಡಿಯುವವರ ಪರದೆಯನ್ನು ನೆರಳಲ್ಲಿ ಕೂತವರ ಇಷ್ಟಕ್ಕೆ ಬಿಟ್ಟುಕೊಟ್ಟದ್ದು ನನಗೆ ಸರಿ ಕಾಣುವುದಿಲ್ಲ.

ರಾತ್ರಿಯ ಮಾತನ್ನೂ ಹೇಳಬೇಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಪ್ರಖರ ಪರದೆಯನ್ನು ಒಂದು ಕ್ಷಣ ನೋಡಿದರೆ ಹೊಂದಿಕೆ ಕೆಡುತ್ತದೆ, ಎದುರಿನ ದೀಪವಿಲ್ಲದ ದೋಣಿ ಕಾಣದೇ ಹೋಗಬಹುದು. ಹಗಲಿಗೆ ಬಿಸಿಲನ್ನು ನೆಚ್ಚಿದ ಪರದೆಗೆ ಹಿಂದೆ ಸಣ್ಣ ದೀಪ ಸಾಕು, ಅದನ್ನು ತೀರ ಇಳಿಸಿ ಇಡಬಹುದು.

ಕೊಳ್ಳುವವರಿಗೆ ಒಂದೆರಡು ಮಾತು. ಜಿಪಿಎಸ್ಸೋ ವಾಚೋ ಕೊಳ್ಳುವಾಗ ಅಂಗಡಿಯಿಂದ ಹೊರಗೆ ಬಿಸಿಲಿಗೆ ತನ್ನಿ, ಅದರ ಬೆಳಕನ್ನು ಪೂರ್ತಿ ಆರಿಸಿ ಓದಿ ನೋಡಿ. ಅಕ್ಷರ ಕಂಡರೆ ಒಳಗೆ ಕನ್ನಡಿ ಇದೆ ಎಂದರ್ಥ. ಪೋಲರಾಯ್ಡ್ ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ನೋಡಿ. ಕನ್ನಡಕವೂ ಧ್ರುವಕವೇ, ಕೆಲವು ಪರದೆಗಳು ಅದರ ಮೂಲಕ ನೋಡಿದಾಗ ಪೂರ್ತಿ ಕಪ್ಪಾಗುತ್ತವೆ, ಅಡ್ಡ ತಿರುಗಿಸಿದರೆ ಬೆಳಗುತ್ತವೆ. ಕಡಲ ಗಾಳಿಯ ಉಪ್ಪು ಗಾಜಿನ ಮೇಲೆ ಕೂತು ಬೆಳಕನ್ನು ಚೆದುರಿಸಿ ಎಂಥ ಪರದೆಯನ್ನೂ ಮಬ್ಬಾಗಿಸುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗಾಜಿನ ಲೇಪವನ್ನು ಗೀರುತ್ತದೆ. ಮೊದಲು ಸಿಹಿನೀರಿನ ಒದ್ದೆ ಬಟ್ಟೆ.

2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರ ರಾಜ್ಯಗಳ ಬೋಟುಗಳೂ ಸೇರಿ ನೂರಾರು ಬೋಟುಗಳು ಕಾರವಾರದ ಬಂದರಿಗೆ ಬಂದು ಆಸರೆ ಪಡೆದವು. ಅಂಥ ಎಚ್ಚರಿಕೆ ಮೊಬೈಲ್ ಟವರ್ ಸಿಗದ ದೂರಕ್ಕೂ ಮುಟ್ಟಲೆಂದು ಇಸ್ರೊ ಉಪಗ್ರಹದ ಟ್ರಾನ್ಸ್‌ಪಾಂಡರ್ ರೂಪಿಸಿದೆ. 1 ಲಕ್ಷ ಬೋಟುಗಳಿಗೆ ಅದನ್ನು ಅಳವಡಿಸುವ ಯೋಜನೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಆರಂಭವಾಯಿತು. ಮೀನು ಸಿಗಬಹುದಾದ ಜಾಗ, ಹವಾಮಾನದ ಎಚ್ಚರಿಕೆ ಎಲ್ಲ ಅದಕ್ಕೆ ಬರುತ್ತದೆ, ಅಪಾಯವಾದರೆ ಬೋಟಿನಿಂದಲೂ ಸಂದೇಶ ಕಳಿಸಬಹುದು. ಬಹಳ ಒಳ್ಳೆಯ ಕೆಲಸ. ಆದರೆ ಬಂದ ಸಂದೇಶವನ್ನು ಓದುವುದು ಜೋಡಿಸಿದ ಮೊಬೈಲಿನ ಆ್ಯಪ್‌ನಲ್ಲಿ. ಸಾವಿರಾರು ಕಿಲೋಮೀಟರ್ ಮೇಲಿನಿಂದ ಇಳಿದು ಬಂದ ಮಾತು ಕಡೆಯ ಒಂದು ಗೇಣಿನಲ್ಲಿ, ಬಿಸಿಲಿಗೆ ಕಾದು ಮಂಕಾದ ಗಾಜಿನಲ್ಲಿ ನಿಂತುಬಿಡಬಾರದು. ಚುಕ್ಕಾಣಿಯ ಪಕ್ಕದಲ್ಲೇ, ಬಿಸಿಲಿಗೂ ಕತ್ತಲಿಗೂ ಒದಗುವ ಒಂದು ಸಣ್ಣ ಟ್ರಾನ್ಸ್‌ಫ್ಲೆಕ್ಟಿವ್ ಪರದೆ ಇರಲಿ ಎಂದು ನಮ್ಮ ಮೀನುಗಾರ ಸಹಕಾರಿ ಸಂಘಗಳು ಕೇಳಬೇಕು. ಕ್ಯಾಲ್ಕುಲೇಟರಿನಂತೆ ಅಂಕಿ ಮಾತ್ರ ಮೂಡಿಸುವುದು ಬೇಡ, ಚುಕ್ಕೆಗಳಿಂದ ಅಕ್ಷರ ಕಟ್ಟುವಂಥದು ಬೇಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವುದರಿಂದ ಇಂಗ್ಲಿಷಿಗಿಂತ ಎತ್ತರದ ಸಾಲು ಬೇಕಾಗುತ್ತದೆ, ಅಷ್ಟು ಚುಕ್ಕೆಗಳನ್ನು ಮೊದಲೇ ಲೆಕ್ಕ ಹಾಕಿ ಕೇಳಬೇಕು. ನಾಲ್ಕು ಸಾಲು ಹಿಡಿಸಿದರೆ ಹವಾಮಾನದ ಎಚ್ಚರಿಕೆಗೆ ಸಾಕು.